ಆಮ್ಲಜನಕದ ಚೇಂಬರ್ ಚಿಕಿತ್ಸೆ: ಕಾಸರಗೋಡಿನಿಂದ ಹೋಗುವವರು ನಡುವೆ ಕೈಬಿಡದೆ ಮುಗಿಸುವುದು ಹೇಗೆ

ಕಾಲಿನ ಹುಣ್ಣಿಗೆ ಚೇಂಬರ್ ಮಾಡಿಸಿದೆವು, ಏನೂ ಗುಣ ಕಾಣಲಿಲ್ಲ ಅನ್ನುವವರನ್ನು ಕೂರಿಸಿ ಕೇಳಿ ನೋಡಿ. ಕತೆ ಹೆಚ್ಚುಕಡಿಮೆ ಒಂದೇ. ಮೂವತ್ತು ಸಿಟ್ಟಿಂಗ್ ಹೇಳಿದ್ದರು, ಒಂಬತ್ತೋ ಹತ್ತೋ ಆಯಿತು. ನಡುವೆ ಶೀತ ಬಂತು, ಮತ್ತೊಂದು ಮದುವೆ ಬಂತು, ಆಮೇಲೆ ಮಳೆ ಹಿಡಿಯಿತು. ಕಾಲಿನ ರಕ್ತನಾಳ ಸರಿ ಇದೆಯಾ ಅಂತ ನೋಡಿಸಿದ್ದೀರಾ ಎಂದರೆ ಇಲ್ಲ. ಚೇಂಬರಿಗೆ ಮುಂಚೆ ಆಗಬೇಕಾದ ಕೆಲಸವೂ ಆಗಿಲ್ಲ, ಅದರ ಹೊರಗೆ ಆಗಬೇಕಾದ ಕೆಲಸವೂ ಆಗಿಲ್ಲ.

ನಾನೂ ಎಡವಿದವನೇ. ಬದಿಯಡ್ಕದಿಂದ ಮಾವನನ್ನು ಕರೆದುಕೊಂಡು ಹೋದ ಮೊದಲ ದಿನ ಚೇಂಬರಿನ ಬಾಗಿಲಿನಿಂದಲೇ ವಾಪಸ್ ಬಂದಿದ್ದೆವು. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಬರಹ ಮುಖ್ಯವಾಗಿ ಶುಗರ್ ಇದ್ದವರ ಕಾಲಿನ ಹುಣ್ಣಿನ ಬಗ್ಗೆ, ಯಾಕೆಂದರೆ ನನ್ನ ಹತ್ತಿರ ಕೇಳುವವರಲ್ಲಿ ಹೆಚ್ಚಿನವರದ್ದು ಅದೇ ಸಮಸ್ಯೆ. ನಾನು ಡಾಕ್ಟರಲ್ಲ. ಪ್ರತಿ ಹಂತದಲ್ಲೂ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಈ ಚಿಕಿತ್ಸೆಯ ಹೆಸರು ಹೈಪರ್‌ಬಾರಿಕ್ ಆಕ್ಸಿಜನ್ ಥೆರಪಿ. ಚೇಂಬರಿನೊಳಗೆ ಆಗುವುದಿಷ್ಟು. ಗಾಳಿಯ ಒತ್ತಡವನ್ನು ಮಾಮೂಲಿಗಿಂತ 2ರಿಂದ 2.5 ಪಟ್ಟು ಏರಿಸಿ, ಶುದ್ಧ ಆಮ್ಲಜನಕ ಉಸಿರಾಡಿಸುತ್ತಾರೆ. ಸಾಧಾರಣವಾಗಿ ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣ. ಒತ್ತಡ ಏರಿದಾಗ ಗೋಲಿ ಸೋಡಾದಲ್ಲಿ ಗ್ಯಾಸ್ ಕರಗಿದ ಹಾಗೆ ಅದು ರಕ್ತದ ನೀರಿನಂಥ ಭಾಗದಲ್ಲೂ ಕರಗುತ್ತದೆ. ಮನೆಯಲ್ಲಿ ಕೂತಾಗ 100 ಮಿಲಿಲೀಟರ್ ರಕ್ತದಲ್ಲಿ ಹೀಗೆ ಕರಗಿರುವುದು ಸುಮಾರು 0.3 ಮಿಲಿಲೀಟರ್. ಮೂರು ಪಟ್ಟು ಒತ್ತಡದಲ್ಲಿ ಅದು ಸುಮಾರು 6 ಆಗುತ್ತದೆ. ಆದರೆ ಆ ರಕ್ತ ಗಾಯದವರೆಗೆ ಹರಿಯಬೇಕಲ್ವಾ? ನಾಳವೇ ಕಟ್ಟಿದ್ದರೆ ಎಷ್ಟು ಆಮ್ಲಜನಕ ಕರಗಿಸಿ ಏನು ಮಾಡುವುದು?

## ಈ ಸಂದರ್ಭಗಳಲ್ಲಿ ಮುಂದಿನ ಹತ್ತು ಹಂತ ಓದುತ್ತಾ ಕೂರಬೇಡಿ

ಮುಚ್ಚಿದ ಕೋಣೆಯಲ್ಲಿ ಜನರೇಟರ್ ಅಥವಾ ಕೆಂಡದ ಹೊಗೆ ಕುಡಿದು ತಲೆ ತಿರುಗಿ ಬಿದ್ದವರು. ನೇತ್ರಾಣಿಯಂಥ ಕಡೆ ಸ್ಕೂಬಾ ಡೈವಿಂಗ್ ಮಾಡಿ ಬಂದ ಮೇಲೆ ಗಂಟು ನೋವು, ಕಾಲು ಜೋಮು ಶುರುವಾದವರು. ಗಾಯದ ಸುತ್ತ ಚರ್ಮ ಒತ್ತಿದರೆ ಒಳಗೆ ಗಾಳಿ ಗುಳ್ಳೆ ಚಟಚಟ ಅನ್ನುವವರು. ಒಂದು ಕಣ್ಣು ಇದ್ದಕ್ಕಿದ್ದಂತೆ ನೋವಿಲ್ಲದೆ ಮಸುಕಾದವರು. ಇವರೆಲ್ಲ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇಲ್ಲಿ ಗಂಟೆಗಳ ಲೆಕ್ಕ.

ಇನ್ನೊಂದನ್ನು ಜನ ತುಂಬಾ ಹಗುರ ಮಾಡುತ್ತಾರೆ. ಬೆಳಿಗ್ಗೆ ಏಳುವಾಗ ಒಂದು ಕಿವಿ ಕೇಳದೇ ಹೋಗುವುದು. ಕಿವಿಯ ಗುಗ್ಗೆ ಇರಬೇಕು ಅಂತ ಬಿಸಿ ಎಣ್ಣೆ ಬಿಟ್ಟುಕೊಂಡು ಹದಿನೈದು ದಿನ ಕಳೆಯುತ್ತಾರೆ. ಇದು ಕೆಲವೊಮ್ಮೆ ಒಳಕಿವಿಯ ನರದ ತೊಂದರೆ. ಸ್ಟಿರಾಯ್ಡ್ ಜೊತೆಗೆ ಚೇಂಬರ್ ಕೊಡುವುದಾದರೆ ಎರಡು ವಾರದೊಳಗೆ ಶುರುವಾಗಬೇಕು. ಎರಡು ದಿನದಲ್ಲಿ ಕಿವಿ ಡಾಕ್ಟರನ್ನು ಕಾಣಿ.

## ಹಂತ 1: ಯಾವ ಕಾಯಿಲೆಗೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ

"ಡಾಕ್ಟರು ಆಮ್ಲಜನಕ ಚಿಕಿತ್ಸೆ ಹೇಳಿದ್ದಾರೆ" ಅನ್ನುವುದು ಸಾಕಾಗುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವ, ಗಾಳಿಯಿಂದ ಆಮ್ಲಜನಕ ತೆಗೆದು ಕೊಡುವ ಕಾನ್ಸಂಟ್ರೇಟರ್ ಯಂತ್ರ ಬೇರೆ, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಆಮ್ಲಜನಕ ಬಿಡುವುದು ಬೇರೆ, ಚೇಂಬರ್ ಬೇರೆ. ಚೀಟಿಯಲ್ಲಿ ಕಾಯಿಲೆಯ ಹೆಸರು, ಎಷ್ಟು ಸಿಟ್ಟಿಂಗ್, ಎಷ್ಟು ಒತ್ತಡ ಎಂದು ಬರೆದಿರಬೇಕು. ಒತ್ತಡವನ್ನು ಎಟಿಎ ಎಂಬ ಅಳತೆಯಲ್ಲಿ ಬರೆಯುತ್ತಾರೆ. 1 ಎಟಿಎ ಅಂದರೆ ನಮ್ಮ ಸುತ್ತಲಿನ ಮಾಮೂಲಿ ಗಾಳಿಯ ಒತ್ತಡ. 2.4 ಎಟಿಎ ಅಂದರೆ ಕಡಲಲ್ಲಿ 14 ಮೀಟರ್ ಕೆಳಗೆ ಇದ್ದ ಹಾಗೆ.

ವೈದ್ಯಕೀಯವಾಗಿ ಒಪ್ಪಿರುವ ಪಟ್ಟಿ ಚಿಕ್ಕದು. ಈ ಕ್ಷೇತ್ರದಲ್ಲಿ ಎಲ್ಲರೂ ನೋಡುವುದು ಅಮೆರಿಕದ ಅಂಡರ್‌ಸೀ ಆ್ಯಂಡ್ ಹೈಪರ್‌ಬಾರಿಕ್ ಮೆಡಿಕಲ್ ಸೊಸೈಟಿಯ ಪಟ್ಟಿ. ಮೇಲೆ ಹೇಳಿದ ತುರ್ತು ಕಾಯಿಲೆಗಳ ಜೊತೆಗೆ ಅದರಲ್ಲಿ ಮಾಯದ ಕೆಲವು ಗಾಯಗಳು, ಮದ್ದಿಗೆ ಬಗ್ಗದ ಮೂಳೆಯ ಕೀವು, ಜಜ್ಜಿದ ಗಾಯ, ಕಸಿ ಮಾಡಿದ ಚರ್ಮ ಹಿಡಿಯದಿರುವುದು ಇವೆ. ಕ್ಯಾನ್ಸರಿಗೆ ರೇಡಿಯೇಶನ್ ಕೊಟ್ಟು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬರುವ ತೊಂದರೆಗಳೂ ಇವೆ. ಅಡಿಕೆ, ಎಲೆ, ಹೊಗೆಸೊಪ್ಪು ಬಿಡದ ನಮ್ಮೂರಿನಲ್ಲಿ ಬಾಯಿ ಕ್ಯಾನ್ಸರಿಗೆ ರೇಡಿಯೇಶನ್ ಆದವರು ಇದನ್ನು ಗಮನಿಸಬೇಕು. ದವಡೆಗೆ ರೇಡಿಯೇಶನ್ ಆಗಿದ್ದರೆ ಹಲ್ಲು ಕೀಳಿಸುವ ಮೊದಲೇ ಕ್ಯಾನ್ಸರ್ ಡಾಕ್ಟರಲ್ಲಿ ಕೇಳಿ. ಕಿತ್ತ ಮೇಲೆ ಮೂಳೆ ಮಾಯದೆ ಕೂತರೆ ಕಷ್ಟ.

ಪಟ್ಟಿಯಲ್ಲಿ ಇಲ್ಲದ್ದು: ಆಟಿಸಂ, ಮರೆವಿನ ಕಾಯಿಲೆ, ಶುಗರ್ ಕಡಿಮೆ ಮಾಡುವುದು, ಕ್ಯಾನ್ಸರ್ ಗುಣ ಮಾಡುವುದು, ಮುಖದ ಹೊಳಪು, ವಯಸ್ಸು ಇಳಿಸುವುದು. ವಯಸ್ಸು ಇಳಿಯುತ್ತದೆ ಅನ್ನುವವರು ತೋರಿಸುವುದು ಇಸ್ರೇಲಿನ 2020ರ ಒಂದು ಅಧ್ಯಯನವನ್ನು. ಅದರಲ್ಲಿ ಇದ್ದದ್ದು 35 ಜನ. ಹೋಲಿಸಿ ನೋಡಲು ಚೇಂಬರಿಗೆ ಹೋಗದ ಗುಂಪೇ ಇರಲಿಲ್ಲ. ವೆಲ್‌ನೆಸ್ ಸೆಂಟರುಗಳಲ್ಲಿ ಇರುವ ಜಿಪ್ ಹಾಕುವ ಮೆತ್ತನೆಯ ಚೇಂಬರುಗಳು ಸಾಧಾರಣ 1.3 ಎಟಿಎ ವರೆಗೆ ಮಾತ್ರ ಹೋಗುತ್ತವೆ. ಅಮೆರಿಕದಲ್ಲಿ ಅಂಥವಕ್ಕೆ ಒಪ್ಪಿಗೆ ಸಿಕ್ಕಿದ್ದು ಎತ್ತರದ ಬೆಟ್ಟದಲ್ಲಿ ಬರುವ ಅಸ್ವಸ್ಥತೆಗೆ. ಕಾಲಿನ ಹುಣ್ಣಿಗೆ ಅದರಲ್ಲಿ ದುಡ್ಡು ಹಾಕಬೇಡಿ.

ಒಂದು ಮಾತು ಎಣ್ಮಕಜೆ, ಪಡ್ರೆ ಕಡೆಯ ಮನೆಗಳಿಗೆ. ಎಂಡೋಸಲ್ಫಾನ್ ಬಾಧಿತ ಮಕ್ಕಳಿಗೆ, ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇರುವ ಮಕ್ಕಳಿಗೆ ಚೇಂಬರಿನಿಂದ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಸಾಲ ಮಾಡುವ ಮೊದಲು ಇದನ್ನು ಓದಿ. ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿಯ 111 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. 2001ರಲ್ಲಿ ಅದರ ಫಲಿತಾಂಶ ಬಂತು. ಅರ್ಧ ಮಕ್ಕಳಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಸ್ವಲ್ಪವೇ ಒತ್ತಡದ ಬರೀ ಗಾಳಿ. ಎರಡೂ ಗುಂಪಿನ ಮಕ್ಕಳು ಒಂದೇ ಥರ ಸುಧಾರಿಸಿದರು. ಆ ದುಡ್ಡು ಫಿಸಿಯೋಥೆರಪಿಗೆ ಹೋಗಲಿ.

## ಹಂತ 2: ಕಾಲಿನ ಕೆಲಸ ಮೊದಲು

ಹೆಚ್ಚಿನವರು ಸೋಲುವುದು ಇಲ್ಲಿ.

ಮೊದಲು ರಕ್ತ ಓಡಾಟದ ಪರೀಕ್ಷೆ. ಪಾದದ ನಾಡಿ ಹಿಡಿದು ನೋಡುವುದು, ಕೈಯ ಮತ್ತು ಕಣಕಾಲಿನ ಬಿಪಿ ಹೋಲಿಸುವುದು, ನಾಳದಲ್ಲಿ ರಕ್ತ ಹರಿಯುವುದನ್ನು ಸ್ಕ್ಯಾನ್ ಮಾಡಿ ನೋಡುವ ಡಾಪ್ಲರ್. ಶುಗರ್ ತುಂಬಾ ವರ್ಷದಿಂದ ಇದ್ದವರಲ್ಲಿ ರಕ್ತನಾಳ ಗಟ್ಟಿಯಾಗಿ ಕಣಕಾಲಿನ ಬಿಪಿ ಸುಳ್ಳು ಹೇಳುತ್ತದೆ. ಅದಕ್ಕೆ ಕಾಲ್ಬೆರಳಿನ ರಕ್ತದೊತ್ತಡವನ್ನೂ ನೋಡಲು ಕೇಳಿ. ನಾಳ ಕಟ್ಟಿದ್ದರೆ ಬಲೂನ್ ಹಾಕಿ ಬಿಡಿಸುವುದು ಅಥವಾ ಬೈಪಾಸ್ ಮೊದಲು, ಚೇಂಬರ್ ಆಮೇಲೆ. ಕೆಲವು ಕಡೆ ಗಾಯದ ಪಕ್ಕದ ಚರ್ಮದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಂಟಿಸುವ ಯಂತ್ರದಿಂದ ಅಳೆಯುತ್ತಾರೆ. ಚೇಂಬರಿನ ಒಳಗೆ ಅದು 200 (ಬಿಪಿಯ ಹಾಗೆ ಎಂಎಂ ಎಚ್‌ಜಿ ಲೆಕ್ಕದಲ್ಲಿ) ದಾಟಿದರೆ ಗಾಯ ಮಾಯುವ ಸಾಧ್ಯತೆ ಜಾಸ್ತಿ. ಈ ಸೌಲಭ್ಯ ಇದ್ದರೆ ಬಿಡಬೇಡಿ.

ಎರಡನೆಯದು, ಸತ್ತ ಮಾಂಸ ತೆಗೆಸುವುದು. ಕಪ್ಪಾದ ಭಾಗ, ಕೀವು ಹಾಗೇ ಇಟ್ಟುಕೊಂಡು ಚೇಂಬರಿಗೆ ಹೋದರೆ ಸತ್ತದ್ದು ಬದುಕುವುದಿಲ್ಲ. ಮೂಳೆಗೆ ಹಬ್ಬಿದೆಯೇ ಎಂದು ಎಕ್ಸ್‌ರೇ, ಬೇಕಾದರೆ ಎಂಆರ್‌ಐ.

ಮೂರನೆಯದು, ಆ ಪಾದದ ಮೇಲೆ ಭಾರ ಬೀಳದಂತೆ ನೋಡುವುದು. ಇದನ್ನು ಯಾರೂ ಚಿಕಿತ್ಸೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಗಾಲಿನ ಹುಣ್ಣಿಗೆ ವಿಶೇಷ ಪ್ಲಾಸ್ಟರ್ ಅಥವಾ ಬೂಟ್ ಕೊಡುತ್ತಾರೆ. ಮಾವ ಅದನ್ನು ಆಸ್ಪತ್ರೆಗೆ ಹೋಗುವಾಗ ಹಾಕಿ, ಮನೆಯಲ್ಲಿ ಕಳಚಿಟ್ಟು ಅಂಗಳದಲ್ಲಿ ಅಡಿಕೆ ಹರಡಲು ಬರಿಗಾಲಲ್ಲಿ ಇಳಿಯುತ್ತಿದ್ದರು. "ನಾಲ್ಕು ಹೆಜ್ಜೆ ಅಷ್ಟೇ ಮಾರಾಯ" ಅನ್ನುವುದು. ಆ ನಾಲ್ಕು ಹೆಜ್ಜೆ ದಿನಕ್ಕೆ ಇನ್ನೂರು ಆಗುತ್ತದೆ.

ಇಷ್ಟನ್ನು ಸರಿಯಾಗಿ ಮಾಡಿದ ಮೇಲೆ ನಾಲ್ಕು ವಾರ ನೋಡಿ. ಗಾಯದ ವಿಸ್ತಾರ ಅರ್ಧಕ್ಕೆ ಇಳಿದಿದ್ದರೆ ಅದು ತಾನಾಗಿಯೇ ಮಾಯುವ ದಾರಿಯಲ್ಲಿದೆ, ಚೇಂಬರ್ ಬೇಕಾಗದೇ ಇರಬಹುದು. ಅಮೆರಿಕದ ಸರಕಾರಿ ವಿಮೆ ಮೆಡಿಕೇರ್ ಕೂಡ ಆಳದ ಹುಣ್ಣಿಗೆ ಮಾತ್ರ, ಅದೂ 30 ದಿನ ಮಾಮೂಲಿ ಚಿಕಿತ್ಸೆಯಲ್ಲಿ ಸುಧಾರಣೆ ಇಲ್ಲದಿದ್ದರೆ ಮಾತ್ರ ಚೇಂಬರಿಗೆ ದುಡ್ಡು ಕೊಡುತ್ತದೆ. ಬೀಡಿ ಬಿಡುವುದೂ ಈ ಹಂತದಲ್ಲೇ. ಬೀಡಿ ಸೇದಿದಾಗ ಕಾಲಿನ ಸಣ್ಣ ರಕ್ತನಾಳ ಬಿಗಿಯುತ್ತದೆ. ಒಳಗೆ ದುಡ್ಡು ಕೊಟ್ಟು ಪಡೆದದ್ದನ್ನು ಹೊರಗೆ ಬಂದು ಕಳೆದ ಹಾಗೆ.

## ಹಂತ 3: ಒಳಗೆ ಹೋಗಬಹುದೇ ಎಂಬ ತಪಾಸಣೆ

ಎದೆಯ ಎಕ್ಸ್‌ರೇ, ಕಿವಿ ಪರೀಕ್ಷೆ, ಇಸಿಜಿ, ಕಣ್ಣಿನ ಪರೀಕ್ಷೆ, ತೆಗೆದುಕೊಳ್ಳುವ ಎಲ್ಲಾ ಮದ್ದಿನ ಪಟ್ಟಿ. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿದ್ದು ಅದಕ್ಕೆ ಚಿಕಿತ್ಸೆ ಆಗಿಲ್ಲದಿದ್ದರೆ ಒಳಗೆ ಹೋಗಲೇಬಾರದು. ಒತ್ತಡ ಇಳಿಸುವಾಗ ಆ ಗಾಳಿ ಹಿಗ್ಗಿ ಜೀವಕ್ಕೆ ಅಪಾಯ. ಹಿಂದೆ ಟಿಬಿ ಆಗಿದ್ದರೆ, ದಮ್ಮು ಇದ್ದರೆ, ಫಿಟ್ಸ್ ಬರುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ, ಕಿವಿ ಆಪರೇಷನ್ ಆಗಿದ್ದರೆ, ಗರ್ಭಿಣಿಯಾಗಿದ್ದರೆ ಮುಚ್ಚಿಡದೆ ಹೇಳಿ. ಬ್ಲಿಯೋಮೈಸಿನ್, ಸಿಸ್‌ಪ್ಲಾಟಿನ್, ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಮದ್ದುಗಳು ಮತ್ತು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಕೂಡ ತೊಂದರೆ ಕೊಡಬಹುದು. ಕೊನೆಯದನ್ನು ಮನೆಯವರ ಎದುರು ಹೇಳಲು ನಾಚಿಕೆ ಆದರೆ ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಹೇಳಿ.

## ಹಂತ 4: ಹೊರಡುವ ಮುಂಚೆ ಫೋನಿನಲ್ಲಿ ಕೇಳುವುದು

ಮಂಗಳೂರೋ, ಕಣ್ಣೂರೋ, ಕಲ್ಲಿಕೋಟೆಯೋ, ಹೋಗುವ ಮೊದಲು ಚೇಂಬರ್ ಈಗ ಓಡುತ್ತಿದೆಯಾ ಎಂದು ಕೇಳಿ. ಯಂತ್ರ ಇದೆ ಅನ್ನುವುದು ಬೇರೆ, ಓಡುತ್ತಿದೆ ಅನ್ನುವುದು ಬೇರೆ. ಆಮೇಲೆ ಈ ಪ್ರಶ್ನೆಗಳು: ಒಬ್ಬರೇ ಮಲಗುವ ಚೇಂಬರೋ, ಹಲವರು ಕೂರುವುದೋ? ಎಷ್ಟು ಎಟಿಎ? ನಡೆಯುವಾಗ ಡಾಕ್ಟರ್ ಕಟ್ಟಡದಲ್ಲೇ ಇರುತ್ತಾರಾ? ಹೊರಗೆ ಟೆಕ್ನಿಷಿಯನ್ ಪೂರ್ತಿ ಹೊತ್ತು ಕೂರುತ್ತಾರಾ? ನಿಲ್ಲಿಸಬೇಕಾದರೆ ನಾನು ಹೇಗೆ ಹೇಳುವುದು? ಇದಕ್ಕೆಲ್ಲ ಗೊಣಗುವ ಜಾಗಕ್ಕೆ ಹೋಗಬೇಡಿ.

ವಿಮೆ ಇದ್ದರೆ ಚಿಕಿತ್ಸೆಯ ಹೆಸರು ಹೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಕೆಲವು ಪಾಲಿಸಿಗಳಲ್ಲಿ ಇದನ್ನು ಹೆಸರು ಹಿಡಿದೇ ಹೊರಗಿಟ್ಟಿರುತ್ತಾರೆ. ಕೇರಳದ ಆರೋಗ್ಯ ಕಾರ್ಡ್ ಹಿಡಿದುಕೊಂಡು ಕರ್ನಾಟಕದ ಆಸ್ಪತ್ರೆಗೆ ಹೋಗುವವರು ಅಲ್ಲಿನ ವಿಮೆ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

## ಹಂತ 5: ಆರು ವಾರದ ಓಡಾಟದ ಲೆಕ್ಕ

ವಾರಕ್ಕೆ ಐದು ದಿನ, ಒಂದು ಸಿಟ್ಟಿಂಗ್ ಒಂದೂವರೆಯಿಂದ ಎರಡು ಗಂಟೆ. 30 ಸಿಟ್ಟಿಂಗ್ ಅಂದರೆ ಆರು ವಾರ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ 50 ಕಿಲೋಮೀಟರ್. ದಿನಾ ಹೋಗಿ ಬಂದರೆ ಒಟ್ಟು 3,000 ಕಿಲೋಮೀಟರ್. ಬದಿಯಡ್ಕ, ಮುಳ್ಳೇರಿಯ ಕಡೆಯಿಂದಾದರೆ ಮನೆಯಿಂದ ಹೆದ್ದಾರಿಗೋ ಸ್ಟೇಷನ್ನಿಗೋ ಇಳಿಯುವುದೇ ಇನ್ನೊಂದು ಪ್ರಯಾಣ.

ನೆದರ್ಲೆಂಡ್ಸ್‌ನಲ್ಲಿ ಶುಗರ್ ಮತ್ತು ರಕ್ತ ಓಡಾಟದ ತೊಂದರೆ ಎರಡೂ ಇದ್ದ 120 ಜನರ ಅಧ್ಯಯನ 2018ರಲ್ಲಿ ಹೊರಬಂತು. ಕಾಲು ಉಳಿಸುವುದರಲ್ಲಿ ಚೇಂಬರಿನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಆದರೆ ಚೇಂಬರ್ ಗುಂಪಿನಲ್ಲಿ ಮೂರನೇ ಒಂದು ಭಾಗದಷ್ಟು ಜನ ಸಿಟ್ಟಿಂಗ್ ಪೂರ್ತಿ ಮಾಡಿರಲೇ ಇಲ್ಲ. ಅಲ್ಲಿನ ರಸ್ತೆ, ಅಲ್ಲಿನ ಬಸ್ಸು ಇದ್ದೂ ಹೀಗೆ. ನಮ್ಮದು ಕೇಳಬೇಕೇ.

ಹೆಚ್ಚಿನವರ ತಲೆಗೆ ಹೋಗದ ವಿಷಯ ಒಂದಿದೆ. ಓಡಾಟವೇ ಗಾಯವನ್ನು ಕೆಡಿಸುತ್ತದೆ. ರೈಲಿನಲ್ಲಿ ನಿಂತುಕೊಂಡು ಹೋಗುವುದು, ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿಯುವುದು, ಮಳೆನೀರಿನಲ್ಲಿ ಡ್ರೆಸ್ಸಿಂಗ್ ನೆನೆಯುವುದು. ಬೆಳಿಗ್ಗೆ ಗಳಿಸಿದ್ದು ಸಂಜೆಗೆ ಹೋಯಿತು. ಅದಕ್ಕೆ ನನ್ನ ಸಲಹೆ ಇಷ್ಟು. ಮಂಗಳೂರಿನಲ್ಲಿ ನೆಂಟರ ಮನೆಯಿದ್ದರೆ ಸಂಕೋಚ ಬಿಟ್ಟು ಸೋಮವಾರದಿಂದ ಶುಕ್ರವಾರ ಅಲ್ಲೇ ಉಳಿಯಿರಿ. ಇಲ್ಲದಿದ್ದರೆ ಒಂದೇ ಹೊತ್ತಿನ ಸಿಟ್ಟಿಂಗ್ ಇರುವ ಇಬ್ಬರು ಮೂವರು ಸೇರಿ ಕಾರು ಮಾಡಿ. ರೈಲೇ ಆದರೆ ಸ್ಟೇಷನ್ನಿನಲ್ಲಿ ಗಾಲಿಕುರ್ಚಿ ಕೇಳಿ. ಮಾವನಿಗೆ ಅದರಲ್ಲಿ ಕೂರುವುದೆಂದರೆ ಅವಮಾನ. ಪರಿಚಯದವರು ಕಂಡರೆ ಮುಖಕ್ಕೆ ಪೇಪರ್ ಹಿಡಿಯುತ್ತಿದ್ದರು. ಹಿಡಿಯಲಿ, ಕೂತರೆ ಸಾಕು.

ಮದುವೆ, ಭೂತಕೋಲ, ಅಡಿಕೆ ಕೊಯ್ಲು ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆರು ವಾರ ಖಾಲಿ ಸಿಗುವಲ್ಲಿ ಶುರು ಮಾಡಿ. ಖರ್ಚಿನ ಲೆಕ್ಕವೂ ಹಾಗೇ: ಒಂದು ಸಿಟ್ಟಿಂಗಿನ ದರವನ್ನು ಒಟ್ಟು ಸಿಟ್ಟಿಂಗಿಗೆ ಗುಣಿಸಿ, ಡ್ರೆಸ್ಸಿಂಗ್, ಕಾರು, ಜೊತೆಗೆ ಹೋಗುವವರ ಕೂಲಿ ನಷ್ಟ ಸೇರಿಸಿ. ಹತ್ತಕ್ಕೇ ಮುಗಿಯುವಷ್ಟು ದುಡ್ಡಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಆ ದುಡ್ಡನ್ನು ಬೇರೆ ಯಾವುದಕ್ಕೆ ಹಾಕಬಹುದು ಎಂದು ಅವರು ಹೇಳುತ್ತಾರೆ.

## ಹಂತ 6: ಬೆಳಿಗ್ಗೆ ಎದ್ದು ಹೊರಡುವವರೆಗೆ

ನಾವು ವಾಪಸ್ ಬಂದದ್ದು ತೆಂಗಿನೆಣ್ಣೆಯಿಂದ. ಮಾವ ದಿನದ ಹಾಗೆ ತಲೆಗೆ ಎಣ್ಣೆ ಹಚ್ಚಿ ಮಿಂದು, ಒಳ್ಳೆಯ ಟೆರಿಕಾಟ್ ಅಂಗಿ ಹಾಕಿ ಹೊರಟಿದ್ದರು. ಫೋನಿನಲ್ಲಿ ಯಾರೂ ಏನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಶುದ್ಧ ಆಮ್ಲಜನಕದಲ್ಲಿ ಎಣ್ಣೆ, ಸಿಂಥೆಟಿಕ್ ಬಟ್ಟೆ, ಒಂದು ಸಣ್ಣ ಕಿಡಿ ಸಾಕು. ಅಲ್ಲಿ ಬೆಂಕಿ ಹತ್ತುವುದಕ್ಕೂ ಹಬ್ಬುವುದಕ್ಕೂ ನಡುವೆ ಹೊತ್ತೇ ಇರುವುದಿಲ್ಲ. 1997ರಲ್ಲಿ ಇಟಲಿಯ ಮಿಲಾನಿನ ಆಸ್ಪತ್ರೆಯೊಂದರ ಚೇಂಬರಿನಲ್ಲಿ ಬೆಂಕಿ ಹತ್ತಿ 11 ಜನ ಸತ್ತರು. ಕಾರಣ, ಯಾರೋ ಒಳಗೆ ತೆಗೆದುಕೊಂಡು ಹೋಗಿದ್ದ ಕೈ ಬೆಚ್ಚಗಿಡುವ ಸಣ್ಣ ಸಾಧನ. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ 5 ವರ್ಷದ ಹುಡುಗನೊಬ್ಬ ಚೇಂಬರಿನ ಬೆಂಕಿಗೆ ಸಿಕ್ಕಿ ಸತ್ತ.

ಹಾಗಾಗಿ ಎಣ್ಣೆ, ಪೌಡರ್, ಸೆಂಟು, ವಿಕ್ಸ್, ನೋವಿನ ಮುಲಾಮು, ನೈಲ್ ಪಾಲಿಶ್ ಯಾವುದೂ ಬೇಡ. ತಲೆಗೆ ಹಿಂದಿನ ರಾತ್ರಿಯೇ ಶಾಂಪೂ ಹಾಕಿ. ಪೂರ್ತಿ ಹತ್ತಿಯ ಬಟ್ಟೆ ಹಾಕಿ. ಆಸ್ಪತ್ರೆಯವರೇ ಗೌನ್ ಕೊಟ್ಟರೆ ಇನ್ನೂ ಒಳ್ಳೆಯದು. ಫೋನು, ವಾಚು, ಬೆಂಕಿಪೆಟ್ಟಿಗೆ, ಲೈಟರ್, ಕಿವಿಯ ಯಂತ್ರ, ಸರ ಎಲ್ಲ ಹೊರಗೆ. ಅಂಗಿಯ ಕಿಸೆಯನ್ನು ನೀವೇ ತಡವಿ ನೋಡಿ. ಡ್ರೆಸ್ಸಿಂಗಿನ ಕೆಳಗೆ ವ್ಯಾಸಲೀನ್ ಥರದ ಮುಲಾಮು ಇದ್ದರೆ ಟೆಕ್ನಿಷಿಯನ್ನಿಗೆ ಹೇಳಿ.

ಇನ್ನು ಶುಗರ್. ಬೆಳಿಗ್ಗೆ ಆರಕ್ಕೆ ಇನ್ಸುಲಿನ್ ಚುಚ್ಚಿ, ತಿಂಡಿ ಮಂಗಳೂರಲ್ಲೇ ಮಾಡುವ ಅಂತ ಹೊರಡುವುದು ಅತಿ ಅಪಾಯದ ಕೆಲಸ. ಚೇಂಬರಿನಲ್ಲಿ ಶುಗರ್ ಇನ್ನೂ ಇಳಿಯಬಹುದು. ಒಬ್ಬರೇ ಮಲಗುವ ಚೇಂಬರಿನಲ್ಲಿ ಮಧ್ಯದಲ್ಲಿ ಬಾಯಿಗೆ ಏನೂ ಕೊಡಲಾಗದು, ಬಾಗಿಲನ್ನು ತಟ್ಟನೆ ತೆರೆಯಲೂ ಆಗದು. ಒಂದೆರಡು ಗಂಟೆ ಮೊದಲು ನೀರುದೋಸೆಯೋ ಪುಟ್ಟು ಕಡಲೆಯೋ ಹೊಟ್ಟೆಗೆ ಬಿದ್ದಿರಬೇಕು. ಇನ್ಸುಲಿನ್ ಪ್ರಮಾಣ ಎಷ್ಟು ಎಂದು ಡಾಕ್ಟರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಒಳಗೆ ಹೋಗುವ ಮುಂಚೆ, ಬಂದ ಮೇಲೆ ಗ್ಲುಕೋಮೀಟರಿನಲ್ಲಿ ನೋಡಲೇಬೇಕು. ಮೊದಲಿನ ಅಳತೆ 100ರ ಆಸುಪಾಸಿನಲ್ಲೇ ಇದ್ದರೆ ಏನಾದರೂ ತಿಂದು, ಮತ್ತೆ ನೋಡಿ ಹೋಗುವುದು. ಸೋಡಾ, ಗ್ಯಾಸ್ ಬರುವ ಪಾನೀಯ ಬೇಡ. ಮೂತ್ರಕ್ಕೆ ಹೋಗಿ ಬನ್ನಿ.

ಮೂಗು ಕಟ್ಟಿದ್ದರೆ, ಜ್ವರ ಇದ್ದರೆ ಆ ದಿನ ಹೋಗಬೇಡಿ. ಬೆಳಿಗ್ಗೆಯೇ ಫೋನ್ ಮಾಡಿ ಸಿಟ್ಟಿಂಗ್ ಮುಂದೆ ಹಾಕಿ. ಆದರೆ ಮೂಗು ತೆರೆದ ಮರುದಿನವೇ ಹೋಗಿ. ಶೀತದಿಂದ ಬಿಟ್ಟವರು ಹೆಚ್ಚಾಗಿ ಮತ್ತೆ ಹೋಗುವುದೇ ಇಲ್ಲ.

## ಹಂತ 7: ಬಾಗಿಲು ಮುಚ್ಚಿದ ಮೇಲೆ ಕಿವಿಯ ಕೆಲಸ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಮುಚ್ಚಿದ ಹಾಗೆ ಆಗುತ್ತದಲ್ವಾ? ಚೇಂಬರಿನಲ್ಲಿ ಏರುವ ಒತ್ತಡ ಅದರ ಹತ್ತು ಪಟ್ಟಿಗಿಂತ ಜಾಸ್ತಿ, ಅದೂ ಹತ್ತು ಹದಿನೈದು ನಿಮಿಷದಲ್ಲಿ. ಚೇಂಬರಿನಲ್ಲಿ ಅತಿ ಹೆಚ್ಚು ಜನರಿಗೆ ಆಗುವ ತೊಂದರೆ ಕಿವಿಯದ್ದೇ.

ಮನೆಯಲ್ಲೇ ಎರಡು ದಿನ ಅಭ್ಯಾಸ ಮಾಡಿ. ಉಗುಳು ನುಂಗುವುದು, ಆಕಳಿಸುವುದು, ದವಡೆಯನ್ನು ಆಚೀಚೆ ಆಡಿಸುವುದು. ಆಗದಿದ್ದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುವುದು. ಜೋರಾಗಿ ಊದಬಾರದು, ಒಳಕಿವಿಗೆ ಪೆಟ್ಟಾದೀತು. ಒತ್ತಡ ಏರಲು ಶುರುವಾದ ಕೂಡಲೇ ಮಾಡಬೇಕು, ಅರ್ಧ ನಿಮಿಷಕ್ಕೊಮ್ಮೆ. ನೋವು ಬಂದ ಮೇಲೆ ಮಾಡಿದರೆ ಕಿವಿಯ ನಳಿಗೆ ಬಿಗಿದು ತೆರೆಯುವುದೇ ಇಲ್ಲ.

ನಮ್ಮ ಹಿರಿಯರ ದೊಡ್ಡ ತಪ್ಪೆಂದರೆ ತಡೆದುಕೊಳ್ಳುವುದು. ಟೆಕ್ನಿಷಿಯನ್ನಿಗೆ ಯಾಕೆ ತೊಂದರೆ ಅಂತ ಹಲ್ಲು ಕಚ್ಚಿ ಮಲಗುತ್ತಾರೆ. ಕೈ ಎತ್ತಿದರೆ ಅವರು ಒತ್ತಡ ನಿಲ್ಲಿಸಿ ಸ್ವಲ್ಪ ಇಳಿಸುತ್ತಾರೆ, ಅದು ಅವರ ದಿನದ ಕೆಲಸ. ಎಷ್ಟು ಸಲ ಮಾಡಿದರೂ ಕಿವಿ ತೆರೆಯದವರಿಗೆ ಕಿವಿ ಡಾಕ್ಟರು ಸಣ್ಣ ನಳಿಗೆ ಕೂರಿಸುತ್ತಾರೆ. ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ.

ಒತ್ತಡ ಏರುವಾಗ ಒಳಗೆ ಸೆಕೆ, ಇಳಿಯುವಾಗ ಚಳಿ. ಎರಡೂ ಸಹಜ. ಇಳಿಯುವಾಗ ಉಸಿರು ಕಟ್ಟಬೇಡಿ, ಮಾಮೂಲಿನಂತೆ ಉಸಿರಾಡಿ. ನಡುವೆ ಐದೈದು ನಿಮಿಷ ಬರೀ ಗಾಳಿ ಕೊಡುವುದು ಆಮ್ಲಜನಕ ಅತಿಯಾಗದಿರಲಿ ಎಂದು. ಯಂತ್ರ ಕೆಟ್ಟಿತು ಅಂತ ಗಾಬರಿ ಬೇಡ.

## ಹಂತ 8: ತಕ್ಷಣ ಹೇಳಬೇಕಾದ ಸೂಚನೆಗಳು

ಒಳಗೆ ಇರುವಾಗ: ತುಟಿ ಅಥವಾ ಕೆನ್ನೆ ಅದುರುವುದು, ಕಿವಿಯಲ್ಲಿ ಗುಂಯ್, ವಾಕರಿಕೆ, ನೋಟ ಕೊಳವೆಯೊಳಗಿಂದ ನೋಡಿದ ಹಾಗೆ ಕಿರಿದಾಗುವುದು. ಇವು ಆಮ್ಲಜನಕ ಅತಿಯಾದ ಲಕ್ಷಣ, ಮುಂದೆ ಫಿಟ್ಸ್ ಬರಬಹುದು. ಅಪರೂಪ, ಆದರೆ ಹೇಳದೆ ಇರುವಂಥದ್ದಲ್ಲ. ಬೆವರು, ನಡುಕ, ಸಿಕ್ಕಾಪಟ್ಟೆ ಹಸಿವು ಶುಗರ್ ಇಳಿದದ್ದು. ಎದೆನೋವು, ಉಸಿರು ಸಾಲದಿರುವುದು ಬಂದರೆ ಒಂದು ಕ್ಷಣವೂ ಕಾಯಬೇಡಿ. ಹಳೇ ಫಿಲ್ಲಿಂಗ್ ಇರುವ ಹಲ್ಲು ನೋಯುವುದೂ ಇದೆ. ಅದಕ್ಕೆ ದಂತ ವೈದ್ಯರು ಸಾಕು.

ಮನೆಗೆ ಬಂದ ಮೇಲೆ: ಕಿವಿಯಿಂದ ರಕ್ತ, ತಲೆ ಸುತ್ತು, ಕಿವಿ ಕೇಳದಿರುವುದು. ಗಾಯದಲ್ಲಿ ವಾಸನೆ, ಕಪ್ಪು, ಮೇಲಕ್ಕೆ ಹಬ್ಬುವ ಕೆಂಪು, ಚಳಿಜ್ವರ. ಗಾಯ ಹೀಗಾದರೆ ನಾಳೆಯ ಸಿಟ್ಟಿಂಗಿಗೆ ಕಾಯದೆ ಅದೇ ರಾತ್ರಿ ಸರ್ಜನ್ ಹತ್ತಿರ.

ಕೆಲವು ವಾರದಲ್ಲಿ ದೂರದ್ದು ಮಸುಕಾಗಿ ಹತ್ತಿರದ್ದು ಚೆನ್ನಾಗಿ ಕಾಣಲು ಶುರುವಾಗಬಹುದು. ಮಾವನಿಗೆ ಕನ್ನಡಕವಿಲ್ಲದೆ ಪೇಪರ್ ಓದಲು ಬಂದಾಗ ಅವರಿಗೆ ಭಾರೀ ಖುಷಿ. ಅದು ತಾತ್ಕಾಲಿಕ, ಚಿಕಿತ್ಸೆ ಮುಗಿದ ಒಂದೆರಡು ತಿಂಗಳಲ್ಲಿ ಹೆಚ್ಚಾಗಿ ಮೊದಲಿನಂತೆ ಆಗುತ್ತದೆ. ಅಲ್ಲಿವರೆಗೆ ಹೊಸ ಕನ್ನಡಕ ಮಾಡಿಸಬೇಡಿ. ಪೊರೆ ಇದ್ದವರಿಗೆ ಅದು ಜಾಸ್ತಿಯಾಗಬಹುದು, ಕಣ್ಣಿನ ಡಾಕ್ಟರಿಗೆ ತಿಳಿದಿರಲಿ.

## ಹಂತ 9: ಅರ್ಧದಾರಿಯಲ್ಲಿ ಅಳತೆ

ವಾರಕ್ಕೊಮ್ಮೆ, ಡ್ರೆಸ್ಸಿಂಗ್ ಬಿಚ್ಚಿದಾಗ, ಒಂದೇ ಬೆಳಕಿನಲ್ಲಿ ಗಾಯದ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಉದ್ದ, ಅಗಲ ಬರೆದಿಡಿ. ಕಣ್ಣಂದಾಜು ನಂಬಬೇಡಿ. ದಿನಾ ನೋಡುವವರಿಗೆ ಗಾಯ ಯಾವಾಗಲೂ "ಸ್ವಲ್ಪ ಕಡಿಮೆ" ಆಗಿರುತ್ತದೆ. ಸುಮಾರು 20 ಸಿಟ್ಟಿಂಗ್ ಆದಾಗ ಈ ಫೋಟೋಗಳನ್ನು ಸರ್ಜನ್ ಮತ್ತು ಚೇಂಬರ್ ಡಾಕ್ಟರ್ ಇಬ್ಬರಿಗೂ ತೋರಿಸಿ. ಕೆಂಪು ಹರಳಿನಂಥ ಹೊಸ ಮಾಂಸ ಬರುತ್ತಿದ್ದರೆ ಮುಂದುವರಿಸುವುದು. ಏನೂ ಬದಲಾವಣೆ ಇಲ್ಲದಿದ್ದರೆ ಹಂತ 2ಕ್ಕೆ ವಾಪಸ್: ನಾಳ, ಮೂಳೆ, ಚಪ್ಪಲಿ. ಅದನ್ನು ನೋಡದೆ "ಇನ್ನೂ ಇಪ್ಪತ್ತು ಮಾಡುವ" ಅಂದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

## ಹಂತ 10: ಕೊನೆಯ ಸಿಟ್ಟಿಂಗ್ ಆದ ಮೇಲೆ

ಗಾಯ ಪೂರ್ತಿ ಮುಚ್ಚಿರಬೇಕಾಗಿಲ್ಲ. ಹೊಸ ರಕ್ತನಾಳ ಬೆಳೆದಿದ್ದರೆ ಉಳಿದದ್ದು ಡ್ರೆಸ್ಸಿಂಗಿನಲ್ಲೇ ಮಾಯುತ್ತದೆ, ಇಲ್ಲವೇ ಚರ್ಮ ಕಸಿಗೆ ತಯಾರಾಗುತ್ತದೆ. ಎಷ್ಟು ಸಿಟ್ಟಿಂಗ್, ಎಷ್ಟು ಎಟಿಎ, ಏನಾದರೂ ತೊಂದರೆ ಆಗಿತ್ತೇ ಎಂಬ ಕಾಗದ ಕೇಳಿ ಪಡೆದು ಫೈಲಿನಲ್ಲಿಡಿ.

ಮಾಯ್ದ ಚರ್ಮ ತೆಳು. ಮನೆಯೊಳಗೂ ಎಂಸಿಆರ್ ಚಪ್ಪಲಿ, ಅಂದರೆ ಶುಗರಿನವರಿಗೆ ಕೊಡುವ ಮೆತ್ತನೆ ರಬ್ಬರಿನ ಚಪ್ಪಲಿ. ತೋಟಕ್ಕೆ ಹೋಗಲೇಬೇಕಾದರೆ ಮುಚ್ಚಿದ ಮೆತ್ತನೆ ಶೂ, ಹಾಕುವ ಮುಂಚೆ ಒಳಗೆ ಕೈ ಹಾಕಿ ಕಲ್ಲು, ಸೋಗೆಯ ಚೂರು ಇದೆಯಾ ನೋಡಿ. ರಾತ್ರಿ ಮಲಗುವ ಮೊದಲು ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಬೆರಳ ಸಂದು ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಇದನ್ನು ಒಂದು ದಿನವೂ ತಪ್ಪಿಸಬೇಡಿ. ತಲೆಗೆ ತೆಂಗಿನೆಣ್ಣೆ ಇನ್ನು ಧಾರಾಳವಾಗಿ ಹಚ್ಚಬಹುದು.